ಐಸ್ ಪ್ಲಾಂಟಿಗೆ ಮಾತು ಕಲಿಸಿದ್ದು

ಎರಡು ಲಕ್ಷದ ಹತ್ತು ಸಾವಿರ ರೂಪಾಯಿಯ ವ್ಯವಹಾರ. ಮೂರು ಐಸ್ ಪ್ಲಾಂಟು, ಮೂರು ಪೆಟ್ಟಿಗೆ, ಮನೆಯ ಗೋಡೆಗೊಂದು ಪರದೆ. ಕೆಲಸ ಸಣ್ಣದಾದಷ್ಟೂ ತಮಾಷೆ ದೊಡ್ಡದಾಗುವುದು ನನ್ನ ಕಸುಬಿನಲ್ಲಿ ಮಾಮೂಲು. ಇದಂತೂ ಮೂರು ತಾಲೂಕಿಗೆ ಹರಡಿಕೊಂಡ ಕೆಲಸ.

ಕುಂದಾಪುರದಲ್ಲಿ ನನ್ನದು ಪಂಪು, ಮೋಟರು, ಪ್ಯಾನೆಲ್ ಮಾರುವ ಅಂಗಡಿ. ಈಚೆಗೆ ಬ್ರಿಡ್ಜ್ ಎಂಬ ಪೆಟ್ಟಿಗೆಯನ್ನೂ ಇಟ್ಟಿದ್ದೇನೆ. ಹಳೆಯ ಯಂತ್ರಗಳಿಗೆ ಇಂಟರ್ನೆಟ್ ಗೊತ್ತಿಲ್ಲ. ಸೀರಿಯಲ್ ಪೋರ್ಟ್ ಎಂಬ ಕಿಂಡಿಯಿಂದ, ತಂತಿಯ ಮೇಲೆ, ತಮ್ಮದೇ ರೀತಿಯಲ್ಲಿ ಮಾತಾಡುತ್ತವೆ. ಆ ಮಾತು ಕೇಳಿಸಿಕೊಂಡು ನೆಟ್‌ವರ್ಕಿಗೆ ದಾಟಿಸುವುದು ಪೆಟ್ಟಿಗೆಯ ಕೆಲಸ. ಅದರ ಪೋರ್ಟು ಯಾವ ವೇಗದಲ್ಲಿ ಕೇಳಬೇಕು, ಯಾರನ್ನು ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ನಾವು ಪ್ರೋಗ್ರಾಂ ಮಾಡಿಕೊಡಬೇಕು.

ಗಿರಾಕಿ ಒಬ್ಬರು ಹೆಂಗಸು. ಊರಿನವರ ಬಾಯಲ್ಲಿ ಐಸಿನ ಅಮ್ಮ. ಬುಟ್ಟಿಯಲ್ಲಿ ಮೀನು ಹೊತ್ತು ಮಾರುವಾಗ ಪರರ ಐಸಿಗೆ ಕೈಯೊಡ್ಡಿ ಸಾಕಾಗಿ, ತಾನೇ ನಾವುಂದದಲ್ಲಿ ಪ್ಲಾಂಟು ಹಾಕಿದವರು. ಆಮೇಲೆ ಕುಂದಾಪುರದಲ್ಲೊಂದು, ಬ್ರಹ್ಮಾವರದ ಆಚೆಗೊಂದು. ದಿನಾ ಬೆಳಿಗ್ಗೆ ಒಂದಲ್ಲ ಒಂದು ಪ್ಲಾಂಟಿನಲ್ಲಿ ಮೀನಿನ ಕ್ರೇಟು ಕವುಚಿ ಹಾಕಿ ಕೂರುತ್ತಿದ್ದರು. ಹೋದ ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿಯಿತು. ಪ್ಲಾಂಟಿನ ನೆಲಕ್ಕೆ ಇನ್ನು ಕಾಲಿಡಬಾರದೆಂದು ಡಾಕ್ಟರು ಹೇಳಿದರು. ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಹಟ ಸೊಸೆಯದು. ಮನೆ ತುಂಬ ಜನ, ಇವರಿಗೆ ಮಾತ್ರ ಹೊತ್ತು ಹೋಗದು.

ಅಂಗಡಿಗೆ ಫೋನು ಬಂತು. "ಹ್ವಾಯ್, ಮನಿಯಗೆ ಕೂಕಂಡೇ ಪ್ಲಾಂಟ್ ಕಾಂಬು ಹಾಂಗೆ ಎಂತದೋ ಪೆಟ್ಗಿ ಇತ್ತಂಬ್ರಲೆ?"

"ಇತ್ತ್ ಅಮ್ಮ. ಟ್ಯಾಂಕಿನ ಥಂಡಿ ಎಷ್ಟ್, ಕಂಪ್ರೆಸರ್ ಓಡ್ತಾ ಇತ್ತಾ, ಎಲ್ಲ ಬತ್ತ್."

ದರ ಹೇಳಿದೆ. ಚೌಕಾಸಿ ಮಾಡಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

"ದುಡ್ಡ್ ಪೂರಾ ಕೊಡ್ತೆ. ಆರೆ ಒಂದ್ ಮಾತ್. ನಂಗೆ ಪ್ಲಾಂಟಿಗೆ ಹೋಯ್ ಬಂದಾಂಗ್ ಆಯ್ಕ್. ಆಗ್ದಿರೆ ಒಂದ್ ಪೈಸ ಇಲ್ಲ."

ಅಂಕಿ ಬಂದರೆ ಹೋಗಿ ಬಂದ ಹಾಗೆಯೇ ಎಂದುಕೊಂಡು ಒಪ್ಪಿದೆ.

ಕುಂದಾಪುರ: ಅವಸರದ ಪ್ಯಾನೆಲ್

ಮೊದಲ ಪ್ಲಾಂಟಿನಲ್ಲಿ ತಂತಿ ಕೊಟ್ಟು ಲ್ಯಾಪ್‌ಟಾಪ್ ತೆರೆದರೆ ಅಂಕಿಯ ಬದಲು ಚಿತ್ರವಿಚಿತ್ರ ಗೀಟುಗಳು.

ಆಪರೇಟರು ಹಿಂದಿನಿಂದ ಬಗ್ಗಿ ನೋಡಿದ. "ಎಂತ ಮರ್ರೆ, ನಮ್ ಕಂಪ್ರೆಸರಿಗೆ ಚೀನಿ ಭಾಷಿ ಯಾರ್ ಕಲ್ಸದ್?"

ಕಂಪ್ರೆಸರ್ ನಡೆಸುವ ಪ್ಯಾನೆಲ್ ಮಾತಾಡುವ ವೇಗ ಒಂದು, ಪೆಟ್ಟಿಗೆ ಕೇಳುವ ವೇಗ ಅದರ ಅರ್ಧ. ಅವನಿಗೆ ತಿಳಿಯುವಂತೆ ಹೇಳಿದೆ: "ಪ್ಯಾನೆಲ್ ನಮ್ ಕುಂದಾಪ್ರದವ್ರ ಹಾಂಗೆ ಬೇಗ ಬೇಗ ಮಾತಾಡ್ತ್. ಪೆಟ್ಗಿ ಬೆಂಗ್ಳೂರಿಂದ್. ನಿಧಾನ ಹೇಳಿರೆ ಮಾತ್ರ ತಿಳಿತ್. ಒಂದನ್ನ್ ಬದ್ಲ್ ಮಾಡ್ಕ್."

"ಪೆಟ್ಗಿನ್ನೇ ಬದ್ಲ್ ಮಾಡಿ. ಬಂದವ್ರ್ ಕಲಿಕ್. ನಾವ್ ಎಂತಕ್ಕೆ ಬದ್ಲಾಪ್ದ್?"

ಆ ವೇಗ ಎಲ್ಲಿ ಬದಲಿಸುವುದೆಂದು ಕೇಳಲು ಪೆಟ್ಟಿಗೆಯ ಕಂಪನಿಗೆ ಫೋನು ಮಾಡಿದೆ. ಒಂದೇ ಉಸಿರಿನಲ್ಲಿ ಸಮಸ್ಯೆ ಹೇಳಿ ಮುಗಿಸಿದಾಗ ಆ ಕಡೆಯ ಹುಡುಗಿ, "ಸರ್, ಸ್ವಲ್ಪ ನಿಧಾನವಾಗಿ ಹೇಳ್ತೀರಾ?" ಅಂದಳು.

ಆಪರೇಟರು ತಲೆಯಾಡಿಸಿದ. "ಕಂಡ್ರ್ಯಾ? ಪೆಟ್ಗಿದ್ ಎಂತ ತಪ್ಪಿಲ್ಲ. ಮನಿಯಗೇ ಹಾಂಗೆ ಬೆಳ್ಸಿದ್ರ್."

ಸಂಜೆ ಅಮ್ಮನಿಗೆ ಪರದೆ ತೋರಿಸಿದೆ. ಮೈನಸ್ ಎಂಟು.

"ಮೈನಸ್ ಎಂಟ್ ಇಪ್ದ್ ನಂಗೂ ಗೊತ್ತಿತ್ತ್" ಅಂದರು. "ಬಾಗ್ಲ ಹತ್ರ ನೀರ್ ನಿಂತಿತ್ತಾ ಇಲ್ಯಾ, ಅದ್ ಹೇಳ್."

ಪರದೆಯಲ್ಲಿ ಅದು ಇರಲಿಲ್ಲ.

ಬ್ರಹ್ಮಾವರ: ಎರಡನೆಯವ ಯಾರು

ಅಲ್ಲಿ ಎರಡು ಕಂಪ್ರೆಸರು, ಎರಡಕ್ಕೂ ಬೇರೆ ಬೇರೆ ಆಪರೇಟರುಗಳು. ಒಂದೇ ತಂತಿಯ ಮೇಲೆ ಎರಡೂ ಮಾತಾಡಬೇಕಾದರೆ ಒಂದೊಂದಕ್ಕೂ ಒಂದು ನಂಬರು ಬೇಕು. ಪೆಟ್ಟಿಗೆ ನಂಬರು ಕೂಗಿದಾಗ ಆ ನಂಬರಿನದ್ದು ಮಾತ್ರ ಉತ್ತರ ಕೊಡಬೇಕು. ಕಾರ್ಖಾನೆಯಿಂದ ಎರಡೂ ಒಂದನೇ ನಂಬರಾಗಿಯೇ ಬಂದಿದ್ದವು. ಕೂಗಿದರೆ ಎರಡೂ ಒಟ್ಟಿಗೆ ಓಗೊಟ್ಟು, ಏನೂ ತಿಳಿಯದಂತಾಗುತ್ತಿತ್ತು.

"ಇದ್ ಒಂದ್, ಅದ್ ಎರಡ್ ಮಾಡ್ತೆ" ಅಂದೆ.

ಬಲಗಡೆಯ ಆಪರೇಟರನ ಮುಖ ಸಣ್ಣದಾಯಿತು. "ನಂದ್ ಎಂತಕ್ಕೆ ಎರಡ್? ಐಸ್ ಹೆಚ್ಚ್ ತೆಗೂದ್ ನಂದೇ."

"ಬರೀ ಗುರ್ತಿಗೆ ಮರಾಯ."

"ಹಾಂಗಾರೆ ಅವಂದ್ ಎರಡ್ ಮಾಡಿ."

ಎಡಗಡೆಯವ, "ನಾನ್ ಇವ್ನಕಿಂತ ಮುಂಚೆ ಸೇರದ್" ಅಂದ. ಚಾ ಬಂತು, ಚಾ ತಣಿಯಿತು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಬಲಗಡೆಯದಕ್ಕೆ ಹನ್ನೊಂದು ಕೊಟ್ಟೆ. ಮದುವೆಯಲ್ಲಿ ಮುಯ್ಯಿ ಓದಿಸುವ ಅಂಕಿ, ಯಾರೂ ಬೇಡ ಅನ್ನುವ ಹಾಗಿಲ್ಲ. ಅವ ಖುಷಿಯಾದ. ಎರಡೂ ಸರದಿಯಂತೆ ಉತ್ತರ ಕೊಟ್ಟವು.

ಬೈಕ್ ಹತ್ತುವಾಗ ಎಡಗಡೆಯವ ಮೆಲ್ಲಗೆ ಬಂದ. "ಹ್ವಾಯ್, ನಂಗೆ ನೂರಾ ಒಂದ್ ಆತ್ತಾ?"

ಕೊಟ್ಟೆ. ನಂಬರು ಇನ್ನೂರ ನಲವತ್ತೇಳರವರೆಗೂ ಇದೆ ಎಂಬುದನ್ನು ಇಬ್ಬರಿಗೂ ಹೇಳಲಿಲ್ಲ.

ನಾವುಂದ: ಬೆಂಕಿ ಬಿದ್ದ ಐಸು

ಮೂರನೆಯದನ್ನು ಬೇಗ ಮುಗಿಸಿ ಹೊರಟಿದ್ದೆ. ಮರವಂತೆ ದಾಟುವಷ್ಟರಲ್ಲಿ ಅಮ್ಮನ ಫೋನು.

"ನಾವುಂದದಗೆ ಎಂತ ಮಾಡಿಟ್ಟ್ ಬಂದೆ? ಟ್ಯಾಂಕಿಂದ್ ಅರವತ್ತೈದ್ ಸಾವ್ರದ ಐನೂರ ಇಪ್ಪತ್ತೆಂಟ್ ಡಿಗ್ರಿ ತೋರ್ಸ್ತಾ ಇತ್ತ್."

ಪೋರ್ಟಿನ ಪ್ರೋಗ್ರಾಮಿನಲ್ಲಿ, ಸೊನ್ನೆಗಿಂತ ಕೆಳಗೂ ಅಂಕಿ ಉಂಟು ಎಂದು ತಿಳಿಸುವ ಒಂದು ಗುರುತು ಹಾಕುವುದು ಬಿಟ್ಟುಹೋಗಿತ್ತು. ಅದು ಇಲ್ಲದಿದ್ದರೆ ಪೆಟ್ಟಿಗೆ ಮೈನಸ್ ಎಂಟನ್ನು ಹೀಗೆಯೇ ಓದುತ್ತದೆ.

"ಗಾಬ್ರಿ ಬ್ಯಾಡ ಅಮ್ಮ, ಸಮಾ ಮಾಡ್ತೆ."

"ಗಾಬ್ರಿ ನಂಗಲ್ಲ. ಆಪರೇಟರಿಗೆ ಫೋನ್ ಮಾಡಿ ಕೇಂಡೆ. ಅವ ಐಸಿನ ಮೇಲೇ ಕೂತ್ಕಂಡ್ ಚಾ ಕುಡಿತಾ ಇದ್ದ. ಅವ್ನಿಗೆ ಅರವತ್ತೈದ್ ಸಾವ್ರ ಡಿಗ್ರಿಯೂ ತಾಗ್ಲಿಲ್ಲ ಅಂದ್ರೆ ನಿಮ್ ಪೆಟ್ಗಿಯಕಿಂತ ಅವ್ನ ಕುಂಡಿಯೇ ನಂಬುಕಾಪ್ದ್."

ಬಿಲ್ಲು

ಮೂರೂ ಕಡೆ ಹಸಿರು ದೀಪ ಬಂತು. ಬಿಲ್ಲು ಹಿಡಿದು ಹೋದೆ. ಅಮ್ಮ ಪರದೆಯ ಎದುರು ಕುರ್ಚಿಯಲ್ಲಿ ಕೂತಿದ್ದರು. ಮೂರು ಅಂಕಿಗಳನ್ನು ಬೀದಿಯಲ್ಲಿ ಹೋಗುವ ಅಪರಿಚಿತರನ್ನು ನೋಡುವ ಹಾಗೆ ನೋಡುತ್ತಿದ್ದರು.

"ಅಂಕಿ ಬಂತ್. ನಾನ್ ಎಲ್ಲಿಗ್ ಹ್ವಾದೆ?"

"ಕ್ಯಾಮೆರಾ ಹಾಕ್ಲಾ ಅಮ್ಮ?"

"ಕ್ಯಾಮೆರಾ ಹಾಕಿರೆ ಅವ್ರೆಲ್ಲ ನೆಟ್ಟಗ್ ನಿಂತ್ಕಂತ್ರ್. ನೆಟ್ಟಗ್ ನಿಂತವ್ರನ್ನ್ ಕಂಡ್ ನಂಗೆಂತ ಆಯ್ಕ್?" ಪರದೆಯಿಂದ ಮುಖ ತಿರುಗಿಸಿ ಹೇಳಿದರು: "ಐಸಿನ ಗಡ್ಡಿ ಅಚ್ಚಿನ ಕ್ಯಾನಿಂದ ಜಾರುಕೆ ಮುಂಚೆ ಒಂದ್ ಸದ್ದ್ ಮಾಡ್ತ್. ಅದ್ ಕೇಣ್ದೆ ನಂಗೆ ಬೆಳ್ಗಾಪ್ದೇ ಇಲ್ಲ."

ಕರಾರು ಕರಾರೇ. ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡು ಬಂದೆ. ಎರಡು ಲಕ್ಷದ ಹತ್ತು ಸಾವಿರ ಹೊಳೆಗೆ ಹೋಯಿತು ಅಂದುಕೊಂಡೆ.

ಅದಾಗಿ ವಾರ ಕಳೆದಿರಬಹುದು. ಬೆಳಿಗ್ಗೆ ನಾವುಂದದ ಪೆಟ್ಟಿಗೆ ಸತ್ತುಹೋಗಿದೆ ಎಂದು ನನ್ನ ಮೊಬೈಲಿಗೆ ಸೂಚನೆ ಬಂತು. ರಸ್ತೆ ಅಗೆಯುವವರು ಇಂಟರ್ನೆಟ್ ಕೇಬಲ್ ಕತ್ತರಿಸಿದ್ದರು. ದುಡ್ಡೂ ಬಂದಿಲ್ಲ, ಈಗ ಮಾನವೂ ಹೋಯಿತೆಂದು, ಸಿಮ್ ಹಾಕುವ ಬದಲಿ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಓಡಿದೆ.

ಪ್ಲಾಂಟಿನಲ್ಲಿ ಆಪರೇಟರು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಪರದೆಯಲ್ಲಿ ಅಂಕಿ ನಿಂತ ಕೂಡಲೇ ಅಮ್ಮ ಅವನಿಗೆ ಫೋನು ಹಚ್ಚಿದ್ದರು. "ಮೈನಸ್ ಎಂಟೇ ಅಮ್ಮ. ಇಲ್ಲ, ನೀರ್ ನಿಂತಿಲ್ಲ, ಈಗಷ್ಟೇ ಗುಡ್ಸದ್. ಬಂಗ್ಡಿ ಬಂದಿತ್ತ್, ಆರೆ ಸಣ್ಣ್. ಆ ಟೆಂಪೋದವ ಇವತ್ತೂ ಅಡ್ಡ ನಿಲ್ಸಿದ್ದ. ಹಾಂ, ಬೈತೆ. ನಿಮ್ ಹೆಸ್ರ್ ಹೇಳಿಯೇ ಬೈತೆ." ಆಮೇಲೆ ಫೋನನ್ನು ಕ್ಯಾನಿನ ಹತ್ತಿರ ಹಿಡಿದು ನಿಂತ. ಐಸಿನ ಗಡ್ಡೆ ಕರಕ್ಕೆಂದು, ಜಾರಿ ಬಿತ್ತು.

ನಾನು ನನ್ನ ಪಾಡಿಗೆ ಪೆಟ್ಟಿಗೆ ಬದಲಿಸಿದೆ. ಹಸಿರು ದೀಪ ಹತ್ತಿತು. ಅರೆಗಳಿಗೆಯಲ್ಲಿ ನನ್ನ ಫೋನು ಬಡಿದುಕೊಂಡಿತು.

"ಸಮಾ ಮಾಡುಕೆ ನಿಂಗ್ ಯಾರ್ ಹೇಳದ್?" ಅಮ್ಮನ ಸ್ವರ ಬಿಸಿಯಾಗಿತ್ತು. "ಇಷ್ಟೊತ್ತ್ ನಾನ್ ನಾವುಂದದಗಿದ್ದೆ. ನೀ ಬಂದ್ ನನ್ನ ಮನಿಗ್ ಕಳ್ಸ್ದೆ."

"ಹಾಂಗಾರೆ ದಿನಾ ಸುಮ್ನೆ ಫೋನ್ ಮಾಡ್ಲಕ್ಕಲೆ ಅಮ್ಮ?"

"ಸುಮ್ನೆ ಫೋನ್ ಮಾಡಿರೆ ಮುದ್ಕಿಗ್ ಹೊತ್ತ್ ಹೋತಿಲ್ಲ ಅಂತ್ರ್. ಲೆಕ್ಕ ಕೇಂಬುಕೆ ಮಾಡಿರೆ ಯಜಮಾಂತಿ." ಮತ್ತೆ ಸ್ವರ ತಗ್ಗಿಸಿ ಕೇಳಿದರು: "ಆ ಪೆಟ್ಗಿ ದಿನಾ ಬೆಳಿಗ್ಗೆ ಒಂದ್ ಗಂಟಿ ಹಾಳಾಪ್ ಹಾಂಗೆ ಮಾಡುಕಾತ್ತಾ?"

ಪೋರ್ಟು ಪ್ರೋಗ್ರಾಂ ಮಾಡುವುದೇ ನನ್ನ ಕಸುಬು. ಆತ್ತ್ ಅಂದೆ. ಆ ಹೊತ್ತಿನಲ್ಲಿ ಅಪಾಯ ಸೂಚಿಸುವ ಅಲಾರಾಂ ಮಾತ್ರ ಎಚ್ಚರವಿರಲಿ, ಉಳಿದದ್ದು ಬಾಯಿ ಮುಚ್ಚಲಿ ಎಂದು ಬರೆದೆ. ನಾವುಂದದ ಸುದ್ದಿ ತಿಳಿದು ಕುಂದಾಪುರದ ಆಪರೇಟರೂ, ಬ್ರಹ್ಮಾವರದ ಇಬ್ಬರೂ ಬೇರೆ ಬೇರೆಯಾಗಿ ಫೋನು ಮಾಡಿ, ನಮ್ಮ ಪೆಟ್ಟಿಗೆ ಯಾವಾಗ ಹಾಳಾಗುತ್ತದೆ ಎಂದು ವಿಚಾರಿಸಿದರು. ಈಗ ಮೂರೂ ಸರದಿಯಂತೆ ಹಾಳಾಗುತ್ತವೆ.

ಒಟ್ಟು ಲೆಕ್ಕ: ಎರಡು ಲಕ್ಷದ ಹತ್ತು ಸಾವಿರ ಪೂರ್ತಿ ಸಂದಾಯವಾಯಿತು. ಅದರ ಮೇಲೆ ಮೂರೂ ಪ್ಲಾಂಟಿಗೆ ವರ್ಷದ ರಿಪೇರಿ ಗುತ್ತಿಗೆ. ಷರತ್ತು ಒಂದೇ. ಬೆಳಿಗ್ಗೆ ಹೇಳಿದ ಹೊತ್ತಿಗೆ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಾ ಸಿಕ್ಕಿಬಿದ್ದರೆ, ಆ ದಿನದ ದುಡ್ಡು ಕಡಿತ.