ಹಚ್ಚೆ ಮುಚ್ಚುವ ನಿಯಮ

ತೊಂಬತ್ತರ ದಶಕದ ಕೊನೆಗೆ ದಾಂಡೇಲಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ನಾನು ಹೆಡ್‌ಮಾಸ್ತರ. ನಿಯಮ ಮಾಡುವವನ ಹಣೆಬರಹವೇ ಹೀಗೆ: ಗಂಡಸರು ಅದನ್ನು ಮುರಿದು ಸೋಲಿಸುತ್ತಾರೆ, ಹೆಂಗಸರು ಪಾಲಿಸಿಯೇ ಸೋಲಿಸುತ್ತಾರೆ.

ಗಂಡನ ಹೆಸರು

ಸಾಂಬ್ರಾಣಿ ಕಡೆಯ ಹೆಂಗಸೊಬ್ಬಳು ಆಯಾ ಕೆಲಸ ಕೇಳಿಕೊಂಡು ಬಂದಳು. ಗಂಡನ ಹೆಸರೇನು ಎಂದೆ. ಅದನ್ನು ಬಾಯಿಬಿಟ್ಟು ಹೇಳುವುದು ಅವರಲ್ಲಿ ಸಲ್ಲದು. ಸೆರಗು ಸರಿಸಿ ಮುಂಗೈ ಚಾಚಿದಳು. ಬಳ್ಳಿ, ಚೇಳು, ನಡುವೆ ಹಸಿರು ಹಚ್ಚೆಯಲ್ಲಿ ಗಂಡನ ಹೆಸರು.

"ಚುಚ್ಚಿಸ್ಕೊಳ್ಳುವಾಗ ನೋಯಲಿಲ್ಲೇನು?"

"ಹೆಸರು ಒಂದ ದಿನ ನೋಯಿಸಿತ್ರಿ ಸರ. ಹೆಸರಿನವ್ರು ಇನ್ನೂ ನಿಲ್ಲಿಸಿಲ್ಲ."

ಬ್ಯಾಂಡೇಜು

ಬಂಗೂರನಗರದ ಹುಡುಗಿಯೊಬ್ಬಳು ನಮ್ಮಲ್ಲಿ ಹೊಸ ಟೀಚರು. ದೀಪಾವಳಿ ರಜೆಯಲ್ಲಿ ಅನಮೋಡ ಘಟ್ಟ ಇಳಿದು ಗೋವಾಕ್ಕೆ ಹೋಗಿ ಬಂದವಳ ಕುಪ್ಪಸದ ತೋಳಿನಂಚಿನಲ್ಲಿ ನೀಲಿ ರೆಕ್ಕೆಯೊಂದು ಇಣುಕುತ್ತಿತ್ತು.

"ಏನಿದು?"

"ಟ್ಯಾಟೂ ಸರ್. ಪಾತರಗಿತ್ತಿ. ನಾ ಯಾತಕ್ಕೂ ಅಂಜೂದಿಲ್ಲ ಅನ್ನೂದರ ಗುರುತು."

"ಗುರುತಿಗೆ ಕೊರಳಾಗ ಕಾರ್ಡ್ ಐತಿ. ಇದನ್ನ ಮುಚ್ಚಿಕೊಂಡು ಬರ್ರಿ."

"ನೀವ ಕೆಲಸಕ್ಕ ತಗೊಂಡ ಆಯಾಗೂ ಐತಲ್ರಿ ಸರ್?"

"ಅದು ಸಂಪ್ರದಾಯ. ಇದು ಶೋಕಿ."

ಮರುದಿನದಿಂದ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಒಂದು ವಾರವಾಗಿರಲಿಲ್ಲ, ಮಿಲ್ ಕಾಲನಿಯ ತಾಯಂದಿರು ನನ್ನ ಕೋಣೆಗೆ ನುಗ್ಗಿದರು. ಒಬ್ಬರ ಕೈಯಲ್ಲಿ ಬೇವಿನ ಸೊಪ್ಪು, ಇನ್ನೊಬ್ಬರ ಕೈಯಲ್ಲಿ ಅರಿಶಿಣದ ಎಣ್ಣೆ.

"ಟೀಚರ್ ಗಾಯ ಇನ್ನೂ ಮಾಯ್ದಿಲ್ಲ. ಅಂಟುರೋಗ ಇರಬೇಕ್ರಿ, ಮಕ್ಕಳಿಗೆ ಹತ್ತೀತು!"

"ಗಾಯ ಇಲ್ರಿ."

"ಮತ್ತ ಬ್ಯಾಂಡೇಜ್ ಯಾಕ?"

"ಶಿಸ್ತಿಗಾಗಿ," ಎಂದೆ.

ಬೇವಿನ ಸೊಪ್ಪಿನವಳು ಮೆಲ್ಲಗೆ ಕೇಳಿದಳು: "ಅಯ್ಯ, ನೀವ ಹೊಡದ್ರೇನ್ರಿ ಸರ?"

ನೌಕರಿಯ ಪ್ರಶ್ನೆ

ಸುದ್ದಿ ಶಾಲೆಯ ಸಮಿತಿಯ ಅಧ್ಯಕ್ಷರಿಗೆ ಮುಟ್ಟಿತು. ಆ ತಿಂಗಳು ಟೀಚರ ನೌಕರಿ ಖಾಯಂ ಆಗಬೇಕಿತ್ತು, ಇಲ್ಲವೇ ಅವಳು ಮನೆಗೆ ಹೋಗಬೇಕಿತ್ತು. ಹಳಿಯಾಳದಲ್ಲಿ ಅಧ್ಯಕ್ಷರ ಮನೆಯ ಪಡಸಾಲೆಯಲ್ಲೇ ಸಭೆ; ನನ್ನನ್ನೂ ಟೀಚರನ್ನೂ ಕರೆಸಿದ್ದರು. ಒಂದು ಕಡೆ ಅವರ ತಾಯಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಎರಡೂ ಕೈಗೆ ಮೊಣಕೈತನಕ ಹಚ್ಚೆ.

"ಬ್ಯಾಂಡೇಜ್ ಬಿಚ್ರಿ," ಎಂದರು ಅಧ್ಯಕ್ಷರು.

"ಆಗೂದಿಲ್ರಿ. ಮುಚ್ಚಬೇಕಂತ ಸರ್ ನಿಯಮ ಮಾಡ್ಯಾರ."

ನನ್ನ ನಿಯಮಕ್ಕೆ ನಿಷ್ಠೆ! ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಮುದುಕಿ ಎದ್ದು ಬಂದು ತಾವೇ ಬಿಚ್ಚಿಬಿಟ್ಟರು.

ಪಾತರಗಿತ್ತಿಗೆ ಒಂದೇ ರೆಕ್ಕೆ.

"ನಡಬರಕ ಎದ್ದು ಓಡಿ ಬಂದಿಯೇನ ತಂಗಿ?"

ಯಾತಕ್ಕೂ ಅಂಜದ ಟೀಚರು ತಲೆ ತಗ್ಗಿಸಿದಳು. "ಭಾಳ ಉರೀತ್ರಿ, ಅಮ್ಮಾ."

ಮುದುಕಿ ಮಗನ ಕಡೆ ತಿರುಗಿದರು. "ಹಚ್ಚಿ ಹಾಕ್ಸಿದ್ದು ತಪ್ಪಲ್ಲೋ. ಹಿಡಿದ ಕೆಲಸ ಅರ್ಧಕ್ಕ ಬಿಟ್ಟಾಕಿ ಮಕ್ಕಳಿಗೆ ಏನ ಕಲಸ್ತಾಳ? ಮದಲ ಪೂರ್ತಿ ಮಾಡಿಸ್ಕೊಂಡ ಬರ್ಲಿ. ಆಮ್ಯಾಲ ಖಾಯಂ ಮಾಡು."

ತಾಯಿಯ ಮಾತು ಮೀರುವ ಮಗನಲ್ಲ ಅವರು. ಹಾಗೆಯೇ ಠರಾವಾಯಿತು.

ಸೋಮವಾರ ಟೀಚರು ಗೋವಾಕ್ಕೆ ಹೋಗಲು ರಜೆ ಕೇಳಿದಳು. ಸಮಿತಿಯ ಠರಾವಿನಂತೆ ಹೋಗುವುದು ರಜೆ ಹೇಗಾದೀತು? ನಿಯಮವೆಂದರೆ ನಿಯಮ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನೇ ಬರೆದೆ: "ಶಾಲಾ ಕೆಲಸದ ಮೇಲೆ."