ಸ್ಕಾಟ್ಲೆಂಡ್ ಮುದುಕನ ರಾಗ

ಎಲ್ಲಾ ಶುರುವಾಗಿದ್ದು ಕರೆಂಟ್ ಹೋಗಿದ್ದರಿಂದ. ಎರಡು ಸಾವಿರದ ನಾಕನೇ ಇಸವಿ, ಮೂಡಲಪಾಳ್ಯದಲ್ಲಿ ವೀರೇಶನ ಮನೆ ನೋಡೋಕೆ ಹೆಣ್ಣಿನ ಕಡೆಯವರು ಬಂದು ಕೂತಿದ್ರು. ಟೀವಿ ಇಲ್ಲ, ಫ್ಯಾನ್ ಇಲ್ಲ, ಮಾತೂ ಇಲ್ಲ. ಹುಡುಗಿ ನೀಲಾಂಬಿಕಾ ಒಂದೇ ಒಂದ್ಸಲ ಕಣ್ಣೆತ್ತಿದ್ಲು ನೋಡಿ, ವೀರೇಶ ಬಿಸಿ ದೋಸೆ ಮೇಲಿನ ಬೆಣ್ಣೆ ಆಗೋದ. ಮದುವೆ ಅಂತಾದ್ರೆ ಇವಳನ್ನೇ.

ಮನೆ ಓನರ್ ಪುರುಷೋತ್ತಮ ಸುಮ್ನಿರಬೇಕಲ್ಲ. "ನಮ್ ಹುಡುಗ ಪಿಟೀಲು ನುಡಿಸ್ತಾನೆ. ಬಾರಿಸೋ."

ವೀರೇಶಂಗೆ ಪೂರ್ತಿ ಬರ್ತಿದ್ದಿದ್ದು ಒಂದೇ ರಾಗ. ಲಗ್ಗೆರೆ ಫ್ಯಾಕ್ಟರಿಗೆ ಮಿಷನ್ ಕೂರ್ಸೋಕೆ ಸ್ಕಾಟ್ಲೆಂಡಿಂದ ಬಂದಿದ್ದ ಸಾಹೇಬ ಕಲಿಸಿದ್ದು. ಕಣ್ಮುಚ್ಚಿ ಕಮಾನು ಎಳೆದ.

ಏನ್ ಹೇಳ್ಲಿ. ಕುಕ್ಕರ್ ಅರ್ಧ ವಿಷಲ್ ಹಾಕಿ ನಿಲ್ಲಿಸ್ತು. ಬೀದೀಲಿ ಸೊಪ್ಪಿನವನು ಕೂಗೋಕೆ ತೆಗ್ದ ಬಾಯಿ ಹಾಗೇ ಇತ್ತು. ಮಟಮಟ ಮಧ್ಯಾಹ್ನ, ಕಿಟಕಿಯಿಂದ ಮೆಲ್ಲಗೆ ಮಂಜು ಒಳಗೆ ಬಂತು. ಪಕ್ಕದ್ಮನೆ ರಾಮಕ್ಕ ಚಳಿಗೆ ಸೆರಗು ಹೊದ್ಕೊಂಡ್ಲು. ಗೋಡೆ ಮೇಲಿನ ಕ್ಯಾಲೆಂಡರ್ ದೋಣಿ ಥರ ತೇಲ್ತಾ ತೇಲ್ತಾ ಯಾವ್ದೋ ತಿಂಗಳಿಗೆ ಹೋಗಿ ನಿಂತ್ಕೊಳ್ತು.

ರಾಗ ನಿಂತಾಗ ಹುಡುಗಿ ಅಜ್ಜಿ ಮುತ್ತವ್ವನ ಕೆನ್ನೆ ಒದ್ದೆ. "ಯಾವ ಹಾಡಪಾ ಇದು? ಯಾರು ಕಟ್ಟಿದ್ದು?"

"ಮದುವೆದು ಅನ್ನೋ," ಪುರುಷೋತ್ತಮ ಚಿವುಟಿದ.

"ಮದುವೆದು ಅಜ್ಜಿ."

"ಮದವಿ ಹಾಡಿಗೆ ಹಿಂಗ ಕಣ್ಣೀರ ಬರ್ತಾವೇನು? ಖರೇ ಹೇಳು."

ಸುಳ್ಳು ವೀರೇಶನ ಬಾಯಲ್ಲೇ ಒಣಗೋಯ್ತು. "ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಲ್ಲೊಬ್ಬ ಪಿಟೀಲು ಮುದುಕ ಇದ್ನಂತೆ. ಎರಡನೇ ಹೆಂಡ್ತಿ ಜೊತೆ ಮೂವತ್ತು ವರ್ಷ ಚೆನ್ನಾಗಿ ಬಾಳಿದ್ನಂತೆ. ಅವಳು ಹೋದ್ಮೇಲೆ ಪಿಟೀಲು ಮುಟ್ಲೇ ಇಲ್ಲ. ಸ್ನೇಹಿತರು ಬಲವಂತವಾಗಿ ಕೈಗೆ ಕೊಟ್ರೆ, ಇದು ಬಂತಂತೆ."

"ಮೊದಲನೇವಳಿಗೆ ಏನೂ ಬಾರಿಸ್ಲಿಲ್ವಾ?" ರಾಮಕ್ಕ ಕೇಳಿದ್ಲು.

"ಹೆಣ್ಣಿನೋರ ಮುಂದೆ ಸಾವಿನ ರಾಗ ಬಾರಿಸ್ದಲ್ಲೋ," ಅಂದ ಪುರುಷೋತ್ತಮ, ತಾನೇ ಬಾರಿಸು ಅಂದಿದ್ದು ಮರೆತು. ಹುಡುಗಿ ಅಪ್ಪ ಜಂಬಣ್ಣ ಆಗ್ಲೇ ಎದ್ದು ಚಪ್ಪಲಿ ಹುಡುಕ್ತಿದ್ದ.

"ಕೂಡ್ರೋ," ಅಂದ್ಲು ಮುತ್ತವ್ವ. ಚೀಲದಿಂದ ಎಲೆ ಅಡಿಕೆ ತೆಗೆದು ವೀರೇಶನ ಕೈಗಿಟ್ಲು. ವೀರೇಶ ಎರಡೂ ಕೈಲಿ ತಗೊಂಡು ಕಣ್ಣಿಗೊತ್ಕೊಂಡ. ರಾಮಕ್ಕ ಸಕ್ಕರೆ ತರೋಕೆ ಓಡಿದ್ಲು.

"ವೀಳ್ಯ ಹಿಡಿದಾಯ್ತು. ಇನ್ ಯಾರೂ ಮಾತು ತಪ್ಪೋ ಹಾಗಿಲ್ಲ," ಪುರುಷೋತ್ತಮ ಎಲ್ಲರಿಗೂ ಸಾರಿದ.

"ತಪ್ಪಂಗಿಲ್ಲ," ಅಂದ್ಲು ಅಜ್ಜಿ. "ನಾ ಸತ್ತ ದಿನ ನೀನೇ ಬಂದು ಇದನ್ನ ನುಡಿಸ್ಬೇಕು."

"ಖಂಡಿತ ಅಜ್ಜಿ. ಮನೆ ಅಳಿಯ ಆದ್ಮೇಲೆ ಅಷ್ಟೂ ಮಾಡಲ್ವಾ?"

"ಅದ್ಹೆಂಗಾಗ್ತದ? ನಮ್ಮಲ್ಲಿ ಅಳಿಯ ಹೆಗಲು ಕೊಡಬೇಕು. ಹೆಗಲ ಮ್ಯಾಲ ನಾ ಇದ್ರ ಪಿಟೀಲು ಎಲ್ಲಿಡ್ತಿ? ನೀಲಾಗ ಬ್ಯಾರೆ ಗಂಡ ಸಿಕ್ಕಾನು. ಈ ಹಾಡಿಗೆ ಬ್ಯಾರೆ ಯಾರ ಸಿಗ್ತಾರ?"

ಮೆಟ್ಟಿಲು ಇಳೀತಾ ನೀಲಾಂಬಿಕಾ ತಿರುಗಿದ್ಲು, ಮೆಲ್ಲಗೆ ನಕ್ಕಳು. ವೀರೇಶಂಗೆ ಮತ್ತೆ ಮಂಜು ಕವೀತು.

"ಫೋನ್ ನಂಬರ್ ಕೊಡಿ ಅಣ್ಣ," ಅಂದ್ಲು. "ಅಜ್ಜಿ ಹೋದಾಗ ಹೇಳ್ತೀವಿ."