ಗೋಡೆಯಾಚೆಯ ನಗು

ತೊಂದರೆ ಶುರುವಾದದ್ದು ಒಂದು ಫೋಟೋದಿಂದ. ಬೆಳಿಗ್ಗೆ ಕಪಾಟು ಒರೆಸುತ್ತಿದ್ದ ಹೆಂಡತಿ ಮದುವೆಯ ಫೋಟೋವನ್ನು ಗಂಡನ ಮೂಗಿನ ಮುಂದೆ ಹಿಡಿದಳು.

“ನೋಡಿ ಇಲ್ಲಿ. ಮದುವೆಗೆ ಬಂದಿದ್ರೋ, ಹೆಣ ಗುರುತಿಸೋಕೆ ಬಂದಿದ್ರೋ?”

ಪ್ರಶ್ನೆಯಲ್ಲಿ ನ್ಯಾಯವಿತ್ತು. ಗಂಡ ಆಸ್ಪತ್ರೆಯ ಶವಾಗಾರದ ಕಾವಲುಗಾರ. ಸತ್ತವರ ಕಡೆಯವರನ್ನು ಕೂರಿಸಿ, ನೀರು ಕೊಟ್ಟು, ಸಮಾಧಾನ ಹೇಳಿ ಹೇಳಿ ಅವನ ಮುಖ ಒಣಗಿದ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಬೀದಿಯವರು ಇಟ್ಟ ಹೆಸರು ಗಂಭೀರಪ್ಪ. ಸ್ವಂತ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

“ಆ ನಗೋ ಸಿನಿಮಾ ಇವತ್ತೇ ಕೊನೆ,” ಎಂದಳು ಹೆಂಡತಿ. “ಪ್ರತಿ ರಜೆಗೂ ಕರ್ಕೊಂಡು ಹೋಗ್ತೀನಿ ಅಂತೀರಿ. ಪ್ರತಿ ರಜೆಗೂ ಊರಲ್ಲಿ ಯಾರಾದ್ರೂ ಸಾಯ್ತಾರೆ, ನಿಮಗೆ ಫೋನ್ ಬರುತ್ತೆ. ನನಗೇನೂ ಸಿನಿಮಾ ಹುಚ್ಚಿಲ್ಲ. ಪಕ್ಕದಲ್ಲಿ ಕೂತು ನೀವು ನಗೋದನ್ನ ಒಂದು ಸಲ ನೋಡಬೇಕು, ಅಷ್ಟೇ. ಇವತ್ತೂ ಆಗ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಬಸ್ಸಿಗೆ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರೋ ಮಾತಿಲ್ಲ.”

ಅವಳು ಬಾಯಿಮಾತಿಗೆ ಹೆದರಿಸುವವಳಲ್ಲ. ಬಟ್ಟೆ ತುಂಬಿದ ಚೀಲ ಆಗಲೇ ಬಾಗಿಲ ಹಿಂದೆ ಕೂತಿತ್ತು.

ಗಂಭೀರಪ್ಪ ಫೋನ್ ಆಫ್ ಮಾಡಿ ಹಾಸಿಗೆಯಡಿ ಹೂತ. ಇಬ್ಬರೂ ಹೊರಟರು. ಪಕ್ಕದ ಮನೆಯ ಮೇಷ್ಟ್ರು ಗೇಟಿನಲ್ಲೇ ಇದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಬೀದಿಯೇ ತರಗತಿ.

“ಎಲ್ಲಿಗಪ್ಪಾ ಸವಾರಿ?”

“ಸಿನಿಮಾಕ್ಕೆ ಮೇಷ್ಟ್ರೇ.”

“ಆ ಬೆಂಕಿ ಅನಾಹುತದ್ದು ತಾನೆ?”

ಹಿಂದಿನ ವರ್ಷ ಊರಿನ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಒಳಗೆ ಜನ ಕೆಲಸ ಮಾಡುತ್ತಿದ್ದರು, ಹೊರಗೆ ಬೀಗ ಹಾಕಿತ್ತು. ಅದನ್ನೇ ಯಾರೋ ಸಿನಿಮಾ ಮಾಡಿದ್ದರು. ಅವತ್ತಿನ ಹೆಣಗಳನ್ನೆಲ್ಲ ಇಳಿಸಿಕೊಂಡವನು ಗಂಭೀರಪ್ಪನೇ.

“ಅಲ್ಲ, ಪಕ್ಕದ ತೆರೇದು. ನಗೋದು.”

ಮೇಷ್ಟ್ರು ಕನ್ನಡಕ ತೆಗೆದರು. “ಛೆ! ಸಮಾಜ ಹೊತ್ತಿ ಉರೀತಿದೆ, ನಿಮಗೆ ಹಲ್ಲು ಕಿಸಿಯೋದು ಬೇಕಾ? ನಿಮ್ಮಂಥವರಿಂದಲೇ ಒಳ್ಳೆ ಸಿನಿಮಾಗಳು ಸಾಯ್ತಿರೋದು.”

“ಸತ್ತರೆ ಕಳಿಸಿಕೊಡಿ ಮೇಷ್ಟ್ರೇ, ಇವರು ನೋಡ್ಕೋತಾರೆ,” ಎಂದ ಹೆಂಡತಿ ಗಂಡನ ತೋಳು ಹಿಡಿದು ಎಳೆದಳು.

ಚಿತ್ರಮಂದಿರದಲ್ಲಿ ಎರಡು ತೆರೆ, ನಡುವೆ ಒಂದು ಗೋಡೆ. ನಗೆ ಸಿನಿಮಾದ ಸಾಲು ಬೀದಿಯ ತಿರುವು ದಾಟಿತ್ತು. ಬೆಂಕಿ ಸಿನಿಮಾದ ಟಿಕೆಟ್ ಕಿಟಕಿಯವನು ನಿಶ್ಚಿಂತೆಯಿಂದ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಹೆಂಡತಿ ಹೆಂಗಸರ ಸಾಲಿನಲ್ಲಿ ನುಗ್ಗಿ ಟಿಕೆಟ್ ತಂದಳು. “ನಾನು ಸೀಟು ಹಿಡಿದಿರ್ತೀನಿ. ನೀವೊಂದು ನೀರಿನ ಬಾಟಲಿ ತಗೊಂಡು ಬೇಗ ಬನ್ನಿ.”

ಬಾಟಲಿ ಹಿಡಿದು ತಿರುಗಿದವನ ಹೆಗಲ ಮೇಲೆ ಒಂದು ಕೈ ಬಿತ್ತು. ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು.

“ಬಂದ್ಯಾ! ಫೋನ್ ಮಾಡಿದ್ರೆ ಆಫ್. ಸಿಬ್ಬಂದಿಯೆಲ್ಲ ಬೆಂಕಿ ಸಿನಿಮಾ ನೋಡಲೇಬೇಕು. ನಮ್ಮ ಆಸ್ಪತ್ರೆ ಅದರಲ್ಲಿ ಬರುತ್ತೆ. ನಿರ್ದೇಶಕರೂ ಬರ್ತಾರಂತೆ.”

“ಸಾರ್, ನನ್ನ ಹೆಂಡತಿ ಆ ಕಡೆ…”

“ಹೆಂಡತಿ ಎಲ್ಲಿಗೆ ಹೋಗ್ತಾಳೆ? ಸಿನಿಮಾ ಹೋಗಿಬಿಡುತ್ತೆ. ನಡಿ.”

ಆಸ್ಪತ್ರೆಯವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಅವರ ಹಿಂದೆ, ಎದೆ ಮುಂದೆ ಮಾಡಿ, ಮೇಷ್ಟ್ರು. ತೆರೆಯ ಮೇಲೆ ಹೊಗೆ ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ ಹೆಡ್ ಕ್ಲರ್ಕ್ ಹೊಟ್ಟೆ ಹಿಡಿದುಕೊಂಡು ಎದ್ದ. ನರ್ಸುಗಳು ಒಬ್ಬರಿಗೊಬ್ಬರು ಜೊತೆಯಾಗಿ ಹೋದರು. ದೊಡ್ಡ ಡಾಕ್ಟರು ಸದ್ದೇ ಮಾಡದ ಫೋನನ್ನು ಕಿವಿಗಿಟ್ಟು “ಹಲೋ, ಹಲೋ” ಎನ್ನುತ್ತ ಎದ್ದವರು ಬಗ್ಗಿ ಹೇಳಿದರು: “ನೀನು ಅಲ್ಲಾಡಬೇಡ. ಆಸ್ಪತ್ರೆ ಕಡೆಯಿಂದ ಒಬ್ಬನಾದ್ರೂ ಇರಬೇಕು.” ಕೊನೆಗೆ ಮೇಷ್ಟ್ರು ಆಚೀಚೆ ನೋಡಿ, ನಕಲು ಮಾಡುವ ಹುಡುಗನ ಹಾಗೆ ಬೆನ್ನು ಬಗ್ಗಿಸಿ ನುಸುಳಿದರು. ಯಾರೂ ಮರಳಲಿಲ್ಲ.

ತೆರೆಯ ಮೇಲೆ ಹೆಂಗಸರು ಬೀಗ ಹಾಕಿದ ಬಾಗಿಲು ಬಡಿಯುತ್ತಿದ್ದರು. ಗೋಡೆಯಾಚೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅದರಲ್ಲಿ ಹೆಂಡತಿಯ ನಗು ಯಾವುದೆಂದು ಗಂಭೀರಪ್ಪ ಕಿವಿಗೊಟ್ಟ. ಗುರುತು ಹತ್ತಲಿಲ್ಲ. ಅದನ್ನು ಕೇಳಿ ಅವನಿಗೂ ಬಹಳ ಕಾಲವಾಗಿತ್ತು.

ಆಗ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಒಬ್ಬ ಮನುಷ್ಯ ಮುಖ ಮುಚ್ಚಿಕೊಂಡು ಕೂತಿದ್ದ. ಬೆಂಕಿಯಲ್ಲಿ ಸತ್ತವರ ಕಡೆಯವನೇ ಇರಬೇಕೆಂದುಕೊಂಡ ಗಂಭೀರಪ್ಪನ ಕಾಲುಗಳು ತಾವಾಗಿಯೇ ನಡೆದವು.

“ನೀರು ಕುಡೀರಿ ಸಾರ್. ಒರಗಿ ಕೂತ್ಕೊಳ್ಳಿ.”

“ಎಲ್ಲಾ ನನ್ನದೇ ತಪ್ಪು,” ಆತ ಬಿಕ್ಕಿದ.

ಗಂಭೀರಪ್ಪನಿಗೆ ಇದೇನೂ ಹೊಸದಲ್ಲ. ಎಲ್ಲರೂ ಹಾಗೇ ಅನ್ನುತ್ತಾರೆ. ಶವಾಗಾರದ ಬಾಗಿಲಲ್ಲಿ ಹೇಳುವ ಮಾತೇ ರೂಢಿಯಂತೆ ಅವನ ಬಾಯಿಗೆ ಬಂತು. “ಹಾಗೆಲ್ಲ ಅಂದ್ಕೋಬಾರದು. ನೀವು ಏನು ಮಾಡಿದ್ರೂ ಉಳೀತಿರಲಿಲ್ಲ.”

ಆತ ತಲೆಯೆತ್ತಿದ. “ಏನು ಮಾಡಿದ್ರೂ?”

“ಬರೋವಾಗಲೇ ಜೀವ ಇರಲಿಲ್ಲ ಸಾರ್. ಕಾಗದಪತ್ರ ನಾನೇ ಓಡಾಡಿ ಮಾಡಿಸಿಕೊಡ್ತೀನಿ. ಸಂಜೆಯೊಳಗೆ ಮನೆಗೆ ತಗೊಂಡು ಹೋಗಬಹುದು. ದೂರ ಹೋಗೋದಾದ್ರೆ ಐಸ್ ಬೇಕಾಗುತ್ತೆ.”

ಆತನ ಅಳು ನಿಂತಿತು. ತೆರೆಯ ಬೆಳಕಿನಲ್ಲಿ ಗಂಭೀರಪ್ಪನ ಮುಖವನ್ನೇ ನೋಡಿದ. “ಈ ಸಿನಿಮಾದ ನಿರ್ದೇಶಕ ನಾನು. ಖಾಲಿ ಸೀಟು ನೋಡಿ ಅಳು ಬಂತು. ನೀವು ಯಾರು?”

ಗಂಭೀರಪ್ಪ ತಬ್ಬಿಬ್ಬಾಗಿ ಇದ್ದದ್ದನ್ನೆಲ್ಲ ಹೇಳಿಬಿಟ್ಟ: ಶವಾಗಾರ, ಫೋಟೋ, ಬಾಗಿಲ ಹಿಂದಿನ ಚೀಲ, ಗೋಡೆಯಾಚೆ ಕಾಯುತ್ತಿರುವ ಹೆಂಡತಿ. ನಿರ್ದೇಶಕನ ಹೆಗಲು ಮತ್ತೆ ಕುಲುಕತೊಡಗಿತು. ಈ ಸಲ ಅಳುವಲ್ಲ.

ಎರಡೂ ಸಿನಿಮಾ ಬಿಟ್ಟಾಗ ಹೊರಗಿನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ದೊಡ್ಡ ಡಾಕ್ಟರು ನಗೆ ಸಿನಿಮಾದ ಬಾಗಿಲಿಂದ ಬಂದು ಬೆಂಕಿ ಸಿನಿಮಾದ ಬಾಗಿಲಲ್ಲಿ ನಿಂತರು. “ಎಂಥ ಸಿನಿಮಾ! ಕಣ್ಣೀರು ನಿಲ್ಲಲೇ ಇಲ್ಲ,” ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅದು ಸುಳ್ಳಲ್ಲ. ಅವರ ಕಣ್ಣು ನಕ್ಕು ನಕ್ಕು ಕೆಂಪಾಗಿತ್ತು.

ಒಣಗಿದ ಕಣ್ಣಿದ್ದವಳು ಹೆಂಡತಿಯೊಬ್ಬಳೇ. “ಪಕ್ಕದ ಸೀಟಿನ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ,” ಎಂದಳು. “ಎಲ್ಲರೂ ನಕ್ಕರು.”

ಗಂಭೀರಪ್ಪ ಬಾಯಿ ತೆರೆಯುವ ಮೊದಲೇ ನಿರ್ದೇಶಕ ಕೂಗಿದ: “ಮುಂದಿನ ಸಿನಿಮಾ ಸಿಕ್ಕಿಬಿಡ್ತು! ಇನ್ನು ಬೆಂಕಿ ಗಿಂಕಿ ಬೇಡ, ಶುದ್ಧ ಹಾಸ್ಯ. ಶವಾಗಾರದವನು ನಗೋ ಸಿನಿಮಾಕ್ಕೆ ಹೊರಡ್ತಾನೆ, ಆಗೋದೇ ಇಲ್ಲ. ಇವರೇ ನಾಯಕ!”

“ಪ್ರತಿ ರಜೆಗೂ ಕಳಿಸ್ತೀನಿ,” ಎಂದರು ದೊಡ್ಡ ಡಾಕ್ಟರು, ಯಾರೂ ಕೇಳದಿದ್ದರೂ. “ಶವಾಗಾರ ನಿಮ್ಮದೇ ಅಂದ್ಕೊಳ್ಳಿ.”

“ಒಂದೇ ಷರತ್ತು,” ಎಂದ ನಿರ್ದೇಶಕ. “ಚಿತ್ರೀಕರಣ ಮುಗಿಯೋತನಕ ಈ ಮುಖ ಹೀಗೇ ಇರಬೇಕು. ನಗಲೇಬಾರದು.”

“ಅದು ನನ್ನ ಜವಾಬ್ದಾರಿ. ನಾಳೆಯೇ ಆದೇಶ ಹೊರಡಿಸ್ತೀನಿ.”

ಹೆಂಡತಿ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು.

ನಗಬಾರದೆಂದು ಆದೇಶ! ಗಂಭೀರಪ್ಪನ ಹೊಟ್ಟೆಯ ಆಳದಲ್ಲಿ ಏನೋ ಅಲುಗಿತು. ಅದು ಎದೆಗೇರಿತು, ಗಂಟಲಿಗೆ ಬಂತು, ವರ್ಷಗಟ್ಟಲೆ ಬಿಗಿದುಕೊಂಡಿದ್ದ ಕೆನ್ನೆಗಳು ಬಿರುಕುಬಿಟ್ಟವು, ಹಲ್ಲು ಕಾಣಿಸಿದವು…

“ಏಯ್, ಮುಖ! ಮುಖ ಕೆಡುತ್ತೆ!” ದೊಡ್ಡ ಡಾಕ್ಟರು ಗದರಿದರು.

ಗಂಭೀರಪ್ಪ ಗಕ್ಕನೆ ನುಂಗಿಕೊಂಡ.

“ಏನಾಯ್ತು ಮುಖಕ್ಕೆ?” ಹೆಂಡತಿ ತಟ್ಟನೆ ತಿರುಗಿದಳು. ಅವಳಿಗೆ ಕಂಡದ್ದು ಫೋಟೋದಲ್ಲಿದ್ದದ್ದೇ.

“ಏನಿಲ್ಲ.”

ಅವಳ ಕಣ್ಣು ಅವನ ಖಾಲಿ ಕೈಗೆ ಇಳಿಯಿತು. “ನೀರಿನ ಬಾಟಲಿ ಎಲ್ಲಿ?”

“ಯಾರೋ ಅಳ್ತಿದ್ರು. ಕೊಟ್ಟೆ.”

“ಸರಿ,” ಎಂದಳು ಹೆಂಡತಿ. “ಬೆಳಿಗ್ಗೆ ಬಸ್ಸಿಗೆ ಇನ್ನೊಂದು ತಗೋಬೇಕು.”